ಹಳೇ ಮನೆಗೆ ಹೊಸ ಒಳಾಂಗಣ: ಗೋಡೆಗೆ ಕೈ ಹಾಕುವ ಮೊದಲು

ಪ್ರಶ್ನೆ: ನಮ್ಮದು ತಾತನ ಕಾಲದ ಮನೆ. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ಪುಟ್ಟ ಕಿಟಕಿಗಳು. ಹಗಲಲ್ಲೂ ಲೈಟ್ ಹಾಕಬೇಕು. ಹಾಲ್ ಮತ್ತು ಪಕ್ಕದ ಕೋಣೆಯ ನಡುವಿನ ಗೋಡೆ ತೆಗೆಸಿ, ಈಗಿನ ಮನೆಗಳ ಥರ ಓಪನ್ ಮಾಡಿಸುವ ಆಸೆ. ಕಂಬಗಳಿಗೆ ಬೋರ್ಡ್ ಹೊಡೆದು, ಫಾಲ್ಸ್ ಸೀಲಿಂಗ್ ಮಾಡಿಸಿದರೆ ಮನೆ ಹೊಸದಾಗಿ ಕಾಣುತ್ತದೆ ಅನ್ನುತ್ತಾರೆ ಕಂಟ್ರಾಕ್ಟರ್. ಮಾಡಿಸಬಹುದಾ?

ಉತ್ತರ: ಮೊದಲು ಕಂಬದ ಮಾತು. ದಯವಿಟ್ಟು ಮುಚ್ಚಿಸಬೇಡಿ. ಅಂದ ಚೆಂದದ ವಿಚಾರ ಪಕ್ಕಕ್ಕಿರಲಿ, ಬೋರ್ಡಿನ ಹಿಂದೆ ಹೋದ ಮರಕ್ಕೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಗೆದ್ದಲು ಹತ್ತಿದರೂ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಫಾಲ್ಸ್ ಸೀಲಿಂಗಿಗೂ ಇದೇ ಮಾತು. ಸೂರು ಸೋರಿದ ಗುರುತು ಅದರ ಹಿಂದೆ ಅಡಗಿಹೋಗುತ್ತದೆ.

ಕಂಬ ಸಾಮಾನ್ಯವಾಗಿ ಕೆಡುವುದು ಬುಡದಿಂದ. ತೊಲೆ ಕೆಡುವುದು ಗೋಡೆಯೊಳಗೆ ಹೊಕ್ಕ ತುದಿಯಿಂದ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಈ ಎರಡೂ ಜಾಗದಲ್ಲಿ ಒತ್ತಿ ನೋಡಿ. ಗಟ್ಟಿ ಮರವಾದರೆ ತುದಿ ಒಳಗೆ ಇಳಿಯುವುದಿಲ್ಲ. ಸಲೀಸಾಗಿ ಇಳಿದರೆ ಪೇಂಟರ್‌ಗಿಂತ ಮೊದಲು ಬಡಗಿಯನ್ನು ಕರೆಸಿ. ಹಾಗಂತ ಇಡೀ ಕಂಬ ಬದಲಿಸಬೇಕು ಅಂತೇನಿಲ್ಲ. ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಕೆಟ್ಟ ಬುಡವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಮರದ ತುಂಡು ಕೂಡಿಸಬಹುದು. ಕೆಲಸ ಬಲ್ಲ ಬಡಗಿಗೆ ಇದು ಹೊಸದಲ್ಲ.

ಇನ್ನು ಗೋಡೆ. ತಟ್ಟಿ ಸದ್ದು ಕೇಳಿ 'ಇದು ಭಾರ ಹೊರುವ ಗೋಡೆಯಲ್ಲ' ಅನ್ನುವವರನ್ನು ನಂಬಬೇಡಿ. ಅಟ್ಟ ಹತ್ತಿ ನೋಡಿ. ಜಂತೆಗಳ ತುದಿ ಯಾವ ಗೋಡೆಯ ಮೇಲೆ ಕೂತಿದೆಯೋ ಅದು ಭಾರ ಹೊತ್ತ ಗೋಡೆ. ಏನೂ ಕೂತಿಲ್ಲದಿದ್ದರೂ ಸುಮ್ಮನೆ ನಿಂತಿದೆ ಅಂದುಕೊಳ್ಳಬೇಡಿ. ಮಣ್ಣಿನ ಮನೆಯಲ್ಲಿ ಅಡ್ಡಗೋಡೆಗಳು ಉದ್ದ ಗೋಡೆ ವಾಲದಂತೆ ಹಿಡಿದಿರುತ್ತವೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ.

ನನ್ನನ್ನು ಕೇಳಿದರೆ ಗೋಡೆ ಪೂರ್ತಿ ತೆಗೆಯುವ ಅಗತ್ಯವೇ ಇಲ್ಲ. ನಿಮಗೆ ಬೇಕಿರುವುದು ಬೆಳಕು, ಅಲ್ವಾ? ಎಂಜಿನಿಯರ್ ಒಪ್ಪಿದರೆ, ಗೋಡೆಯ ಎರಡೂ ತುದಿಯಲ್ಲಿ ಒಂದಿಷ್ಟು ಭಾಗ ಉಳಿಸಿ, ಮೇಲೆ ಭಾರ ಹೊರಲು ತಕ್ಕ ಲಿಂಟಲ್ (ಅಡ್ಡ ತೊಲೆ) ಕೊಟ್ಟು, ನಡುವೆ ಅಗಲವಾಗಿ ತೆರೆಸಿ. ಕೋಣೆ ಕೋಣೆಯಾಗಿಯೇ ಉಳಿಯುತ್ತದೆ, ಕಣ್ಣು ಮಾತ್ರ ಆ ಕಡೆಯವರೆಗೂ ಹೋಗುತ್ತದೆ.

ಕಿಟಕಿಗಳಲ್ಲಿ ಇನ್ನೂ ಸುಲಭದ ಕೆಲಸವಿದೆ. ದಪ್ಪ ಗೋಡೆಯಲ್ಲಿ ಕಿಟಕಿಯ ಚೌಕಟ್ಟು ಹೊರಬದಿಗಿದ್ದರೆ ಒಳಗಡೆ ಒಂದು ಸುರಂಗ ಆಗಿರುತ್ತದೆ. ಅದರ ಎರಡು ಪಕ್ಕಗಳು ನೆಟ್ಟಗಿದ್ದರೆ ಬೆಳಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಲಿಂಟಲ್‌ಗೆ ಧಕ್ಕೆಯಾಗದಂತೆ ಆ ಪಕ್ಕಗಳನ್ನು ಕೋಣೆಯ ಕಡೆಗೆ ಅಗಲವಾಗುವಂತೆ ಓರೆಯಾಗಿ ಕೆತ್ತಿಸಿ, ಬಿಳಿ ಸುಣ್ಣ ಬಳಿಸಿ. ಕಿಟಕಿ ಅಷ್ಟೇ ಇರುತ್ತದೆ, ಕೋಣೆಯ ಬೆಳಕು ಬೇರೆಯೇ ಆಗುತ್ತದೆ. ಹೆಂಚಿನ ಸೂರಾದರೆ ನಾಲ್ಕಾರು ಗಾಜಿನ ಹೆಂಚು ಹಾಕಿಸಿ. ಇಷ್ಟೆಲ್ಲ ಆದ ಮೇಲೆ, ರಾತ್ರಿಯ ದೀಪಕ್ಕೆ 2700 ಕೆಲ್ವಿನ್‌ನ ಬೆಚ್ಚನೆಯ ಬಲ್ಬ್ ತೆಗೆದುಕೊಳ್ಳಿ. ಬೆಳ್ಳಗಿನ ತಣ್ಣನೆ ಬೆಳಕಿನಲ್ಲಿ ಹಳೆಯ ಮರ ಬೂದುಬೂದಾಗಿ ಕಾಣುತ್ತದೆ.

ಹೊಸತು ಎಲ್ಲಿ ಬರಬೇಕು ಅಂತ ಕೇಳಬಹುದು. ಅದು ಹೊಸದಾಗಿಯೇ ಬರಲಿ, ಹಳೆಯದರ ವೇಷ ಬೇಡ. ಹಳೆಯ ಕಟ್ಟಡಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಸ್ಮಾರಕಗಳ ವಿಷಯದಲ್ಲಿ ಹೇಳಿದ್ದೂ ಇದನ್ನೇ: ಸೇರಿಸಿದ ಭಾಗ ಒಟ್ಟಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಅಂತ ಗುರುತೂ ಸಿಗಬೇಕು. ಇಟಲಿಯ ವೆರೋನಾದಲ್ಲಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಕಾಸ್ಟೆಲ್‌ವೆಕ್ಕಿಯೊ ಕೋಟೆಯನ್ನು ಮ್ಯೂಸಿಯಂ ಆಗಿ ನವೀಕರಿಸಿದಾಗ, ಹೊಸ ನೆಲವನ್ನು ಹಳೆಯ ಗೋಡೆಗೆ ತಾಗಿಸಲಿಲ್ಲ. ಅಂಚಿನಲ್ಲಿ ಒಂದು ಸಂದು ಬಿಟ್ಟರು. ಮನೆಯಲ್ಲೂ ಇದು ನಡೆಯುತ್ತದೆ. ಅಡುಗೆಮನೆಯ ಕ್ಯಾಬಿನೆಟ್ ಗೋಡೆಗೆ ಹೂತುಹೋಗದೆ ಕಾಲಿನ ಮೇಲೆ ನಿಲ್ಲಲಿ. ವೈರಿಂಗಿಗೆ ಗೋಡೆ ಕೊರೆಸಬೇಡಿ, ಪೈಪ್ ಹೊರಗೇ ನೇರವಾಗಿ, ಅಚ್ಚುಕಟ್ಟಾಗಿ ಓಡಲಿ. ನಾಳೆ ನಿಮ್ಮ ಮಕ್ಕಳಿಗೆ ಬೇಡವಾದರೆ ಮನೆಗೆ ಪೆಟ್ಟಾಗದೆ ಬಿಚ್ಚಬಹುದು.

ಪ್ರಶ್ನೆ: ಹಳೆಯ ಮನೆಯ ಗೋಡೆ ಕೆಳಗಿನಿಂದ ಎರಡಡಿ ಯಾವಾಗಲೂ ತೇವ. ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟ್ ಗಿಲಾವು ಮಾಡಿಸಿ, ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದೆವು. ಈಗ ಬಣ್ಣ ಚಕ್ಕೆ ಏಳುತ್ತಿದೆ, ಬಿಳಿ ಪುಡಿ ಉದುರುತ್ತಿದೆ. ತೇವ ಇನ್ನೂ ಮೇಲಕ್ಕೆ ಬಂದಿದೆ! ಟೈಲ್ಸ್ ಹಾಕಿಸಿದರೆ ನಿಲ್ಲುತ್ತದಾ?

ಉತ್ತರ: ನಿಲ್ಲುವುದಿಲ್ಲ, ಜಾಸ್ತಿ ಆಗುತ್ತದೆ. ಹಳೆಯ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಯಿಂದ ಗಾಳಿಗೆ ಬಿಡುತ್ತದೆ. ಸುಣ್ಣದ ಗಾರೆ ಆ ಆವಿಯನ್ನು ಹೊರಗೆ ಹೋಗಗೊಡುತ್ತದೆ. ಗಟ್ಟಿ ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಂದರೆ ದಾರಿ ಮುಚ್ಚುತ್ತದೆ. ಆಗ ನೀರು ದಾರಿ ಹುಡುಕಿಕೊಂಡು ಮೇಲೇರುತ್ತದೆ. ನೀವು ನೋಡಿದ ಬಿಳಿ ಪುಡಿ ಉಪ್ಪು. ನೀರಿನ ಜೊತೆ ಬಂದು, ನೀರು ಆರಿದಾಗ ಹರಳುಗಟ್ಟಿ, ಬಣ್ಣವನ್ನೂ ಗಾರೆಯನ್ನೂ ಒಳಗಿನಿಂದ ಒಡೆಯುತ್ತದೆ.

ಒಳಗಿನ ಕೆಲಸಕ್ಕಿಂತ ಮೊದಲು ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ, ಮಳೆ ಬರುವಾಗಲೇ ಹಾಕಿದರೆ ಇನ್ನೂ ಒಳ್ಳೆಯದು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ? ವರ್ಷ ವರ್ಷ ಮಣ್ಣು ತುಂಬಿ, ಕಾಂಕ್ರೀಟ್ ಹಾಕಿ, ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೆ ಬಂದಿದೆಯಾ? ಹೊರನೆಲ ಸುಮಾರು 15 ಸೆಂಟಿಮೀಟರ್ ಆದರೂ ಕೆಳಗಿರಬೇಕು, ನೀರು ಗೋಡೆಯಿಂದ ದೂರ ಹರಿಯಬೇಕು. ಎಷ್ಟೋ ಮನೆಗಳ ತೇವಕ್ಕೆ ಕಾರಣ ಇಷ್ಟೇ.

ಅದು ಸರಿಯಾದ ಮೇಲೆ ಸಿಮೆಂಟ್ ಗಿಲಾವನ್ನು ಹುಷಾರಾಗಿ ಕೆತ್ತಿಸಿ, ಗೋಡೆಯನ್ನು ಬರಿಮೈಯಲ್ಲಿ ಆರಲು ಬಿಡಿ. ಅಂಗುಲ ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕೆಲಸಗಾರರ ಅಂದಾಜು. ದಪ್ಪ ಗೋಡೆಗೆ ವರ್ಷ ದಾಟಬಹುದು, ಅವಸರ ಮಾಡಬೇಡಿ. ಆಮೇಲೆ ಸುಣ್ಣದ ಗಾರೆಯನ್ನು ತೆಳುವಾಗಿ, ಪದರ ಪದರವಾಗಿ ಹಾಕಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ, ಅದೂ ನಿಧಾನವಾಗಿ. ಮೊದಲ ದಿನಗಳಲ್ಲಿ ನೀರು ಚಿಮುಕಿಸುತ್ತಿರಬೇಕು, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಬಣ್ಣಕ್ಕೆ ಸುಣ್ಣ ಅಥವಾ ಆವಿಯನ್ನು ತಡೆಯದ ಸಿಲಿಕೇಟ್ ಪೇಂಟ್. ನುಣುಪಾದ ಆಧುನಿಕ ನೋಟ ಬೇಕಾದರೂ ಸುಣ್ಣದಲ್ಲೇ ಸಿಗುತ್ತದೆ. ಕೊನೆಯ ಪದರವನ್ನು ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸಿ ನೋಡಿ.

ಪ್ರಶ್ನೆ: ಹಳೆಯ ಬಾಗಿಲುಗಳ ಮೇಲೆ ಐದಾರು ಕೋಟ್ ಎಣ್ಣೆ ಬಣ್ಣವಿದೆ. ನಾವೇ ಉಜ್ಜಿ ಮರದ ಬಣ್ಣ ತರಬಹುದಾ?

ಉತ್ತರ: ಒಣ ಉಜ್ಜು ಬೇಡವೇ ಬೇಡ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದರ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ತುಂಬಾ ಅಪಾಯ. ಮೊದಲು ಒಂದು ಚಕ್ಕೆಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಇಂಥ ಕೆಲಸ ಗೊತ್ತಿರುವವರಿಗೇ ವಹಿಸಿ. ಇಲ್ಲದಿದ್ದರೆ ಬಣ್ಣ ತೆಗೆಯುವ ಜೆಲ್ ಹಚ್ಚಿ, ಮೆತ್ತಗಾದ ಮೇಲೆ ಮರದ ಎಳೆಯ ಗುಂಟ ನಿಧಾನವಾಗಿ ಹೆರೆಯಿರಿ. ಕೆತ್ತನೆ ಇರುವ ಕಡೆ ಹಲ್ಲುಜ್ಜುವ ಹಳೆಯ ಬ್ರಷ್ ಸಾಕು. ಮರ ಬಿಟ್ಟುಕೊಂಡ ಮೇಲೆ ವಾರ್ನಿಷ್ ಬದಲು ಅಗಸೆ ಎಣ್ಣೆ ತೆಳುವಾಗಿ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.