ಫೇಟ್, ಡೆಸ್ಟಿನಿ ಎರಡೂ ಹಣೆಬರಹವೇ?

ಮೇಷ್ಟ್ರೇ, ನಮಸ್ಕಾರ.

"ಫೇಟ್, ಡೆಸ್ಟಿನಿ, ಡೂಮ್, ಲಾಟ್ ನಾಲ್ಕಕ್ಕೂ ನನ್ನ ಡಿಕ್ಷನರಿಯಲ್ಲಿ 'ವಿಧಿ' ಅಂತಲೇ ಇದೆ. ಎಲ್ಲಾ ಒಂದೇನಾ? ಮಕ್ಕಳಿಗೆ ಏನಂತ ಹೇಳಲಿ?" ಎಂದು ಕೇಳಿದ್ದೀರಿ. ಒಂದೇ ಅಲ್ಲ ಮೇಷ್ಟ್ರೇ. ನಾಲ್ಕೂ ಬೇರೆ ಬೇರೆ ಮನೆಯಿಂದ ಬಂದವು.

ಫೇಟ್ ಹುಟ್ಟಿದ್ದು ಲ್ಯಾಟಿನ್ನಿನ 'ಫಾತುಮ್'ನಿಂದ. ಅಂದರೆ 'ನುಡಿದದ್ದು'. ನಮ್ಮಲ್ಲಿ ಬ್ರಹ್ಮ ಹಣೆಯಲ್ಲಿ ಬರೆದ, ರೋಮನ್ನರಲ್ಲಿ ದೇವರು ಬಾಯಿಬಿಟ್ಟು ಹೇಳಿದ. ಎರಡನ್ನೂ ಅಳಿಸೋಕೆ ಆಗಲ್ಲ. ಆದರೆ ಫೇಟ್ ಕೆಟ್ಟದ್ದರ ಕಡೆಗೇ ಜಾಸ್ತಿ ವಾಲುತ್ತದೆ. ಫೇಟಲ್ ಆಕ್ಸಿಡೆಂಟ್ ಅಂದರೆ ಜೀವ ಹೋದ ಅಪಘಾತ.

ಒಮ್ಮೆ ನಮ್ಮ ಡೆಸ್ಕಿಗೆ ಇಂಗ್ಲಿಷಿನಲ್ಲಿ ಒಂದು ಸುದ್ದಿ ಬಂತು. ಕಡಲಿಗೆ ಹೋದ ದೋಣಿ ವಾಪಸ್ ಬಂದಿಲ್ಲ, ಮೀನುಗಾರರ 'ಫೇಟ್' ತಿಳಿದಿಲ್ಲ ಅಂತ. ಹೊಸದಾಗಿ ಸೇರಿದ ಹುಡುಗ "ಮೀನುಗಾರರ ಹಣೆಬರಹ ತಿಳಿದಿಲ್ಲ" ಎಂದು ಬರೆದಿದ್ದ. ಮನೆಯವರು ದಡದಲ್ಲಿ ಕಾಯುತ್ತಾ ಕೂತಿದ್ದಾರೆ. ಅವರು ಓದಿದರೆ ಹೇಗಿರುತ್ತದೆ? ಅದನ್ನು ಹೊಡೆದುಹಾಕಿ "ಮೀನುಗಾರರು ಏನಾದರೋ ತಿಳಿದಿಲ್ಲ" ಎಂದು ಬರೆದೆ. ಅಲ್ಲಿ ಫೇಟ್ ಅಂದರೆ ಅಷ್ಟೇ. ಬ್ರಹ್ಮನನ್ನು ಕರೆಯೋದು ಬೇಡ.

ಡೆಸ್ಟಿನಿಯ ಒಡಹುಟ್ಟು ಡೆಸ್ಟಿನೇಷನ್. ಮೂಲದಲ್ಲಿ 'ಗೊತ್ತು ಮಾಡು, ಗಟ್ಟಿ ಮಾಡು' ಎಂಬ ಅರ್ಥ. ಹಾಗಾಗಿ ಡೆಸ್ಟಿನಿಯಲ್ಲಿ ದಾರಿಯಿದೆ, ಕೊನೆಗೆ ಸೇರುವ ಊರಿದೆ. 1947ರ ಆಗಸ್ಟ್ 14ರ ರಾತ್ರಿ ನೆಹರೂ ತಮ್ಮ ಭಾಷಣದಲ್ಲಿ ಆರಿಸಿಕೊಂಡದ್ದು ಇದೇ ಪದ: 'ಟ್ರಿಸ್ಟ್ ವಿತ್ ಡೆಸ್ಟಿನಿ', ಅಂದರೆ ಡೆಸ್ಟಿನಿಯ ಜೊತೆ ಗೊತ್ತುಮಾಡಿಕೊಂಡ ಭೇಟಿ. ಆ ಜಾಗದಲ್ಲಿ ಫೇಟ್ ಇಟ್ಟು ಒಮ್ಮೆ ಜೋರಾಗಿ ಓದಿ ನೋಡಿ. ಹಬ್ಬದ ಮನೆಯಲ್ಲಿ ಸಾವಿನ ಸುದ್ದಿ ಹೇಳಿದ ಹಾಗಿರುತ್ತದೆ. ಮಕ್ಕಳಿಗೂ ಹೀಗೇ ಪದ ಬದಲಿಸಿ ಓದಿಸಿ, ಕಿವಿಯೇ ಹೇಳಿಕೊಡುತ್ತದೆ.

ಡೂಮ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ತೀರ್ಪು. ಇಂಗ್ಲೆಂಡಿನ ರಾಜ ವಿಲಿಯಂ 1086ರಲ್ಲಿ ಮಾಡಿಸಿದ ಜಮೀನಿನ ಲೆಕ್ಕದ ಪುಸ್ತಕಕ್ಕೆ ಜನ 'ಡೂಮ್ಸ್‌ಡೇ' ಎಂದು ಹೆಸರಿಟ್ಟರು. ಅದರಲ್ಲಿ ಬರೆದದ್ದರ ಮೇಲೆ ಅಪೀಲಿರಲಿಲ್ಲ. ನಿಮ್ಮ ಡಿಕ್ಷನರಿಯ 'ವಿಧಿ' ಸರಿಯಾಗಿ ಕೂರುವುದು ಇಲ್ಲಿಯೇ. ನಾವೂ ಶಿಕ್ಷೆ 'ವಿಧಿಸುತ್ತೇವೆ' ಅಲ್ವಾ?

ಇನ್ನು ಲಾಟ್. ಯಾರಿಗೆ ಯಾವುದು ಎಂದು ತೀರ್ಮಾನಿಸಲು ಹಿಂದೆ ಎತ್ತುತ್ತಿದ್ದ ಮರದ ಚೂರು ಅದು. ನಾವು ಚೀಟಿ ಎತ್ತುವ ಹಾಗೆ. ಲಾಟರಿಯೂ ಅದೇ ಬಳಗದ್ದು. ಕನ್ನಡದಲ್ಲಿ 'ಪಾಲಿಗೆ ಬಂದದ್ದು' ಅಂದರೆ ಸಾಕು, ಅರ್ಥ ಪೂರ್ತಿ ಬಂತು. ಅರಬಿಯಿಂದ ಬಂದ 'ಕಿಸ್ಮತ್'ಗೂ ಮೂಲದಲ್ಲಿ ಪಾಲು ಎಂದೇ ಅರ್ಥ. ನಮ್ಮ 'ಭಾಗ್ಯ'ದೊಳಗೆ 'ಭಾಗ' ಕೂತಿರುವುದನ್ನು ನೀವು ಆಗಲೇ ಗಮನಿಸಿರುತ್ತೀರಿ.

— ಸಂಪಾದಕ