ಬದಿಯಡ್ಕದಿಂದ ಬಹ್ರೈನ್‌ಗೆ ಬರುವ ತಮ್ಮನಿಗೆ: ಟೆಸ್ಟಿಂಗ್ ನೋಡುವುದು ಹೇಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಪಾಲಿಟೆಕ್ನಿಕ್ ಮುಗಿಸಿ ಮನಾಮದಲ್ಲಿ ಎಸಿ ಮೆಂಟೆನೆನ್ಸ್ ಕೆಲಸಕ್ಕೆ ಜನವರಿ ಕೊನೆಗೆ ಬರುತ್ತಿದ್ದೀಯ. ಇಲ್ಲಿನ ಜೀವನ ಹೇಗೆ, ಫಾರ್ಮುಲಾ ಒನ್ ಕಾರು ರೇಸ್‌ನ ಟೆಸ್ಟಿಂಗ್, ಅಂದರೆ ಸೀಸನ್‌ಗೆ ಮೊದಲಿನ ಪರೀಕ್ಷೆಯ ಓಟ, ನೋಡಲು ಆಗುತ್ತಾ, ನೋಡಿದರೆ 2026ರಲ್ಲಿ ಫೆರಾರಿ ಗೆಲ್ಲುತ್ತದೋ ಇಲ್ಲವೋ ತಿಳಿಯುತ್ತಾ ಅಂತ ಕೇಳಿದ್ದೀಯ. ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಕುಂಬಳೆ ಕಡೆಯವನು. ಬಂದು 16 ವರ್ಷವಾಯಿತು. 2010ರ ಫೆಬ್ರವರಿಯಲ್ಲಿ ಬಂದೆ, ಮಾರ್ಚ್‌ನಲ್ಲೇ ಇಲ್ಲಿನ ಸರ್ಕ್ಯೂಟ್ ಇರುವ ಸಖೀರ್‌ನಲ್ಲಿ ರೇಸ್ ಇತ್ತು. ರೂಮಿನವರ ಜೊತೆ ಹೋದೆ. ನಮ್ಮ ದೇಶದ ಕರುಣ್ ಚಂದೋಕ್ ಅವತ್ತು ಫಾರ್ಮುಲಾ ಒನ್ ರೇಸ್‌ನಲ್ಲಿ ಮೊದಲ ಸಲ ಓಡಿಸುವವರಿದ್ದರು. ಅವರ ಎಚ್‌ಆರ್‌ಟಿ ತಂಡ ಟೆಸ್ಟಿಂಗ್ ಮಾಡದೆಯೇ ಬಂದಿತ್ತು. ಅಭ್ಯಾಸದ ಓಟಗಳು ಮುಗಿದರೂ ಅವರ ಕಾರು ಸಿದ್ಧವಾಗಲೇ ಇಲ್ಲ. ಆ ಮನುಷ್ಯ ಆ ಕಾರನ್ನು ಮೊದಲು ಓಡಿಸಿದ್ದೇ ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ (ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ), ಯೋಚಿಸು! ಮರುದಿನ ರೇಸ್‌ನಲ್ಲಿ ಎರಡು ಸುತ್ತು ದಾಟಲಿಲ್ಲ. ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಟೆಸ್ಟಿಂಗ್ ಯಾಕೆ ಬೇಕು ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಆಮೇಲೆ ಎರಡು ವರ್ಷ ಬಿಟ್ಟು ಸರ್ಕ್ಯೂಟ್‌ನಲ್ಲಿ ಮಾರ್ಷಲ್ ಆಗಿ ಸೇರಿಕೊಂಡೆ. ಸಂಬಳವಿಲ್ಲದ ಕೆಲಸ. ಬಾವುಟ ತೋರಿಸುವುದು, ಟ್ರ್ಯಾಕ್‌ಗೆ ಬಿದ್ದದ್ದು ಹೆಕ್ಕುವುದು. ನಿನಗೂ ಇಷ್ಟವಿದ್ದರೆ ಮುಂದೆ ಸೇರಬಹುದು, ನಮ್ಮೂರಿನವರು ಬೇಕಾದಷ್ಟು ಜನ ಇದ್ದಾರೆ.

ಈಗ ಮುಖ್ಯ ವಿಷಯ. ಪೈವಳಿಕೆಯ ಬೋಳಂಗಳ ಕಂಬಳ ನೋಡಿದ್ದೀಯಲ್ಲ? ಸೀಸನ್ ಶುರುವಾಗುವ ಮೊದಲು ಕುದಿ ಕಂಬಳ ಮಾಡುತ್ತಾರೆ. ಅಲ್ಲಿ ಪದಕ ಇಲ್ಲ. ಜೋಡಿ ಹೊಂದುತ್ತದಾ, ಕೋಣಕ್ಕೆ ಉಸಿರು ಸಾಲುತ್ತದಾ, ಓಡಿಸುವವನ ಕೈ ಕೂಡುತ್ತದಾ, ಅಷ್ಟೇ ನೋಡುವುದು. ಕುದಿಯಲ್ಲಿ ಮುಂದೆ ಬಂದ ಕೋಣವೇ ಮೂಡುಬಿದಿರೆಯಲ್ಲಿ ಪದಕ ತರುತ್ತದೆ ಅಂತ ಯಾವ ಯಜಮಾನನೂ ಹೇಳುವುದಿಲ್ಲ. ಟೆಸ್ಟಿಂಗ್ ಅಂದರೆ ಅದೇ. ಸಮಯ ತೋರಿಸುವ ಬೋರ್ಡ್ ಮೇಲಿನ ಮೊದಲ ಹೆಸರು ನೋಡಿ ಯಾರೂ ತೀರ್ಪು ಕೊಡಬಾರದು.

ಯಾಕೆ ಅಂದರೆ, ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಹೊರಗಿನವರಿಗೆ ಯಾರೂ ಹೇಳುವುದಿಲ್ಲ. 10 ಕಿಲೋ ಹೆಚ್ಚು ಇಂಧನ ಇದ್ದರೆ ಸಖೀರ್‌ನ 5.412 ಕಿಲೋಮೀಟರ್ ಸುತ್ತಿಗೆ ಸುಮಾರು 0.3 ಸೆಕೆಂಡ್ ಹೋಗುತ್ತದೆ. ಒಬ್ಬ 50 ಕಿಲೋ ಜಾಸ್ತಿ ಹೊತ್ತು ಓಡಿದರೆ ಒಂದೂವರೆ ಸೆಕೆಂಡ್ ಹಿಂದೆ ಕಾಣುತ್ತಾನೆ, ನಿಜವಾಗಿ ಅವನೇ ಮುಂದಿರಬಹುದು. ಟಯರ್ ಬೇರೆ, ಇಂಜಿನ್‌ನ ಶಕ್ತಿ ಎಷ್ಟು ತೆರೆದಿದ್ದಾರೆ ಅನ್ನುವುದು ಬೇರೆ. ಹೊತ್ತಿನ ಮೇಲೂ ಹೋಗುತ್ತದೆ. ಬೆಳಿಗ್ಗೆ ಟ್ರ್ಯಾಕ್ ಮೇಲೆ ಮರಳು ಕೂತಿರುತ್ತದೆ, ಶಮಾಲ್ ಗಾಳಿ ಬೀಸಿದ ದಿನ ಇನ್ನೂ ಜಾಸ್ತಿ. ಮಧ್ಯಾಹ್ನ ಟಾರು ಕಾಯುತ್ತದೆ. ಇಲ್ಲಿ ರೇಸ್ ನಡೆಯುವುದು ರಾತ್ರಿ ದೀಪದ ಕೆಳಗೆ, ಹಾಗಾಗಿ ಸಂಜೆಯ ಕೊನೆಯ ಎರಡು ಗಂಟೆಗೇ ನಿಜವಾದ ಬೆಲೆ. ರಜೆ ಇಲ್ಲದಿದ್ದರೆ ಸಂಜೆ ಮಾತ್ರ ಬಂದರೂ ನಿನಗೆ ನಷ್ಟವಿಲ್ಲ.

2025ರ ಟೆಸ್ಟಿಂಗ್ ತಗೋ. ಮೊದಲ ದಿನ ಕರೆಂಟ್ ಹೋಗಿ ಓಟ ನಿಂತಿತ್ತು. ಬಹ್ರೈನ್‌ನಲ್ಲಿ ಮಳೆ ಹನಿಯೂ ಬಿತ್ತು. ಮೂರು ದಿನದಲ್ಲಿ ಎಲ್ಲರಿಗಿಂತ ಕಡಿಮೆ ಸಮಯ ವಿಲಿಯಮ್ಸ್‌ನ ಕಾರ್ಲೋಸ್ ಸೈನ್ಜ್ ಅವರದು, 1 ನಿಮಿಷ 29.348 ಸೆಕೆಂಡ್. ವಿಲಿಯಮ್ಸ್ ಆ ವರ್ಷ ಒಳ್ಳೆಯ ಕೆಲಸ ಮಾಡಿತು, ಆದರೂ ಬಂದದ್ದು ಐದನೇ ಸ್ಥಾನಕ್ಕೆ. ಗೆದ್ದದ್ದು ಮೆಕ್ಲಾರೆನ್. ಬೋರ್ಡ್‌ನ ಮೊದಲ ಹೆಸರು ಬಿಟ್ಟು ಮೆಕ್ಲಾರೆನ್‌ನ ನೋರಿಸ್ ಒಂದೇ ಸಮನೆ ಹೊಡೆದ ಉದ್ದದ ಓಟ ನೋಡಿದವರಿಗೆ ಫೆಬ್ರವರಿಯಲ್ಲೇ ಅದರ ಸೂಚನೆ ಸಿಕ್ಕಿತ್ತು, ಟಯರ್ ಸವೆದರೂ ಸಮಯ ಕುಸಿಯುತ್ತಿರಲಿಲ್ಲ. ವರ್ಷದ ಕೊನೆಗೆ ನೋರಿಸ್ 423 ಅಂಕದಿಂದ ಚಾಂಪಿಯನ್, ಎರಡನೆಯವರಾದ ರೆಡ್ ಬುಲ್‌ನ ವರ್ಸ್ಟಾಪೆನ್ 421.

ನಿನ್ನ ಫೆರಾರಿ ವಿಷಯಕ್ಕೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನೂ ಶೂಮಾಕರ್ ಕಾಲದಿಂದ ಕೆಂಪು ಕಾರಿನವನೇ. 2004ರಲ್ಲಿ ಇಲ್ಲಿನ ಮೊದಲ ರೇಸ್ ಗೆದ್ದದ್ದು ಅವರೇ ಅಲ್ವಾ. ಆದರೆ ಫೆರಾರಿಯ ಮೇಲಿನ ನಿರೀಕ್ಷೆ ಯಾವಾಗಲೂ ಕಾರಿಗಿಂತ ವೇಗವಾಗಿ ಓಡುತ್ತದೆ. 2019ರಲ್ಲಿ ಬಾರ್ಸಿಲೋನಾ ಟೆಸ್ಟಿಂಗ್‌ನಲ್ಲಿ ಫೆರಾರಿಯ ವೆಟೆಲ್ ಎಲ್ಲರಿಗಿಂತ ಮುಂದೆ, ಮರ್ಸಿಡಿಸ್‌ನ ಹ್ಯಾಮಿಲ್ಟನ್‌ಗಿಂತ 0.003 ಸೆಕೆಂಡ್. ಈ ಸಲ ನಮ್ಮದೇ ಅಂದುಕೊಂಡೆವು. ಸೀಸನ್ ಶುರುವಾಗಿ ಮೊದಲ ಐದೂ ರೇಸ್‌ನಲ್ಲಿ ಮರ್ಸಿಡಿಸ್‌ನವರೇ ಒಂದು ಮತ್ತು ಎರಡು. 2025ರಲ್ಲಿ ಹ್ಯಾಮಿಲ್ಟನ್ ಫೆರಾರಿಗೆ ಬಂದಾಗ ಇಲ್ಲಿನ ಅಂಗಡಿಗಳಲ್ಲೆಲ್ಲ ಕೆಂಪು ಟೋಪಿ. ಹಿಂದಿನ ವರ್ಷ ಫೆರಾರಿ ಕೇವಲ 14 ಅಂಕದಿಂದ ತಂಡದ ಪ್ರಶಸ್ತಿ ಕಳೆದುಕೊಂಡಿತ್ತು, ಹಾಗಾಗಿ ಆಸೆಗೆ ಕಾರಣವೂ ಇತ್ತು. ಕೊನೆಗೆ ನಾಲ್ಕನೇ ಸ್ಥಾನ, ಒಂದು ಗ್ರ್ಯಾನ್ ಪ್ರಿಯನ್ನೂ ಗೆಲ್ಲಲಿಲ್ಲ. ಹ್ಯಾಮಿಲ್ಟನ್ ಚೀನಾದ ಸ್ಪ್ರಿಂಟ್ (ಶನಿವಾರದ ಚಿಕ್ಕ ರೇಸ್) ಗೆದ್ದದ್ದು ಬಿಟ್ಟರೆ, ಗ್ರ್ಯಾನ್ ಪ್ರಿಗಳಲ್ಲಿ ಮೊದಲ ಮೂವರು ನಿಲ್ಲುವ ಪೋಡಿಯಂ ಕೂಡ ಹತ್ತಲಿಲ್ಲ.

ಹಾಗಾದರೆ ಏನು ನೋಡಬೇಕು? ಸುತ್ತುಗಳನ್ನು ಎಣಿಸು. ನನ್ನ ಮಾತಿನಲ್ಲಿ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ, ಅದರಲ್ಲೂ 2026ರಲ್ಲಿ. ನಿಯಮ ಪೂರ್ತಿ ಬದಲಾಗಿದೆ. ಶಕ್ತಿಯಲ್ಲಿ ಸುಮಾರು ಅರ್ಧ ಬ್ಯಾಟರಿಯಿಂದ ಬರಬೇಕು, ಎಲೆಕ್ಟ್ರಿಕ್ ಮೋಟಾರ್ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಇಷ್ಟು ದೊಡ್ಡ ಬದಲಾವಣೆ ಹಿಂದೆ ಆದದ್ದು 2014ರಲ್ಲಿ. ಅವತ್ತು ಸ್ಪೇನ್‌ನ ಹೆರೆಸ್‌ನಲ್ಲಿ ರೆಡ್ ಬುಲ್, ಅದೂ ನಾಲ್ಕು ವರ್ಷ ಸತತ ಚಾಂಪಿಯನ್ ಆದ ತಂಡ, ನಾಲ್ಕು ದಿನದಲ್ಲಿ ಓಡಿದ್ದು ಬರೀ 21 ಸುತ್ತು. ಮರ್ಸಿಡಿಸ್ 300ಕ್ಕಿಂತ ಹೆಚ್ಚು. ಆ ವರ್ಷದ 19 ರೇಸ್‌ನಲ್ಲಿ 16 ಮರ್ಸಿಡಿಸ್ ಗೆದ್ದಿತು. ಗ್ಯಾರೇಜಿನಲ್ಲಿ ಕವರ್ ಹಾಕಿ ನಿಂತ ಕಾರು ಏನನ್ನೂ ಕಲಿಯುವುದಿಲ್ಲ, ನೀನು ಮೆಕ್ಯಾನಿಕಲ್ ಓದಿದವನು, ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಈ ಸಲ ಟೆಸ್ಟಿಂಗ್ ದಿನಗಳನ್ನೂ ಹೆಚ್ಚಿಸಿದ್ದಾರೆ. 2025ರಲ್ಲಿ ಮೂರೇ ದಿನ ಇತ್ತು. ಈಗ ಜನವರಿ 26ರಿಂದ 30 ಬಾರ್ಸಿಲೋನಾದಲ್ಲಿ ಬಾಗಿಲು ಮುಚ್ಚಿ, ಒಂದು ತಂಡಕ್ಕೆ ಅದರಲ್ಲಿ ಮೂರು ದಿನ. ಆಮೇಲೆ ನಮ್ಮ ಸಖೀರ್‌ನಲ್ಲಿ ಫೆಬ್ರವರಿ 11ರಿಂದ 13, ಮತ್ತೆ 18ರಿಂದ 20.

ತಂಡಗಳಲ್ಲಿ ನಾನು ಕಣ್ಣಿಟ್ಟಿರುವುದು ಎರಡರ ಮೇಲೆ. ಒಂದು ಮರ್ಸಿಡಿಸ್. ಅವರ ಇಂಜಿನ್ ನಾಲ್ಕು ತಂಡಗಳಲ್ಲಿದೆ, ತಮ್ಮದು, ಮೆಕ್ಲಾರೆನ್, ವಿಲಿಯಮ್ಸ್, ಆಲ್ಪೀನ್. ನಾಲ್ಕು ಕಾರು ಓಡಿದರೆ ನಾಲ್ಕು ಪಟ್ಟು ಕಲಿಕೆ. ಇನ್ನೊಂದು ಆಸ್ಟನ್ ಮಾರ್ಟಿನ್. ಹೆಸರುವಾಸಿ ಕಾರು ವಿನ್ಯಾಸಕ ಏಡ್ರಿಯನ್ ನ್ಯೂಯಿ ಕಾರು ಮಾಡಿದ್ದಾರೆ ಅಂತ ಜನ ಈಗಲೇ ಪ್ರಶಸ್ತಿ ಕೊಟ್ಟುಬಿಟ್ಟಿದ್ದಾರೆ. ನನಗೆ ಒಳಗೊಳಗೇ ಭಯ. ಅವರ ಚಾಲಕ ಅಲೋನ್ಸೊ, ಇಂಜಿನ್ ಹೋಂಡಾದ್ದು. 2015ರಲ್ಲಿ ಇದೇ ಅಲೋನ್ಸೊ, ಇದೇ ಹೋಂಡಾ, ಮೆಕ್ಲಾರೆನ್‌ನಲ್ಲಿ. ಟೆಸ್ಟಿಂಗ್‌ನಿಂದಲೇ ಕೆಟ್ಟು ನಿಲ್ಲಲು ಶುರುವಾಗಿ ವರ್ಷ ಒಂಬತ್ತನೇ ಸ್ಥಾನದಲ್ಲಿ ಮುಗಿಯಿತು. ಅದೇ ಹೋಂಡಾ ಆರು ವರ್ಷದ ಮೇಲೆ ವರ್ಸ್ಟಾಪೆನ್‌ಗೆ ಪ್ರಶಸ್ತಿ ತಂದುಕೊಟ್ಟಿತು ಅನ್ನುವುದೂ ನಿಜ. ಫೆರಾರಿಯ ಇಂಜಿನ್ ತಮ್ಮದರ ಜೊತೆ ಹಾಸ್ ಮತ್ತು ಹೊಸ ತಂಡ ಕ್ಯಾಡಿಲಾಕ್‌ನ ಕಾರುಗಳಲ್ಲೂ ಇದೆ. ಮೂರೂ ಕಾರು ದಿನಕ್ಕೆ ನೂರು ಸುತ್ತು ದಾಟಿದರೆ ನೀನು ಖುಷಿಪಡು, ಬೋರ್ಡ್‌ನಲ್ಲಿ ಎಂಟನೇ ಹೆಸರಾಗಿದ್ದರೂ ಸರಿ.

ಇನ್ನು ಜೀವನ. ನಿನ್ನ ಗೆಳೆಯ ದುಬೈಯಿಂದ ಹಾಕುವ ಫೋಟೋ ನೋಡಿ ಹೆದರಿದ್ದೀಯ ಅನ್ನಿಸಿತು, ತಾನು ಹಿಂದೆ ಬೀಳುತ್ತೇನೆ ಅಂತ. ಅದು ಟ್ಯಾಂಕ್ ಖಾಲಿ ಮಾಡಿ ಹೊಸ ಟಯರ್ ಹಾಕಿ ಹೊಡೆದ ಒಂದು ಸುತ್ತು ತಮ್ಮಾ. ನನ್ನ ಮೊದಲ ಕಂಪನಿ ಮೂರು ತಿಂಗಳು ಸಂಬಳ ಕೊಡಲಿಲ್ಲ. ಊರಿಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ, ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆದೆ. ಅಮ್ಮನಿಗೆ ಈಗಲೂ ಹೇಳಿಲ್ಲ. ನೀನು ಕರಾರು ಪತ್ರದ ಪ್ರತಿ ಮನೆಯಲ್ಲಿ ಒಂದು ಇಟ್ಟು ಬಾ. ಬಂದ ಕೂಡಲೇ ಸಿಪಿಆರ್ ಕಾರ್ಡ್ (ಇಲ್ಲಿನ ಗುರುತಿನ ಚೀಟಿ) ಮಾಡಿಸು, ಅದಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ನಿನ್ನದು ತಾರಸಿ ಮೇಲಿನ ಕೆಲಸ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಲ್ಲಿ ಹೊರಗೆ ದುಡಿಸಬಾರದು ಅಂತ ಕಾನೂನಿದೆ, ಅದನ್ನು ತಿಳಿದಿರು. ಕನ್ನಡ ಸಂಘ ಇದೆ, ಯಕ್ಷಗಾನ ಆಗುತ್ತದೆ, ಚೆಂಡೆ ಸದ್ದು ಕೇಳಿದ ದಿನ ಊರು ಸ್ವಲ್ಪ ಹತ್ತಿರ ಬರುತ್ತದೆ.

ಟೆಸ್ಟಿಂಗ್‌ಗೆ ಟಿಕೆಟ್ ಯಾವ ದಿನಕ್ಕೆ ಬಿಟ್ಟಿದ್ದಾರೆ ಅಂತ ಸರ್ಕ್ಯೂಟ್‌ನವರ ಬಳಿಯೇ ನೋಡಿಕೋ. ಇಲ್ಲಿ ವಾರದ ರಜೆ ಶುಕ್ರವಾರ. 13 ಮತ್ತು 20 ಎರಡೂ ಶುಕ್ರವಾರವೇ. 18ರ ಆಸುಪಾಸಿಗೆ ರಂಜಾನ್ ಶುರುವಾಗುತ್ತದೆ, ಆಗ ಹಗಲಲ್ಲಿ ಎಲ್ಲರೆದುರು ನೀರು ಕೂಡ ಕುಡಿಯಬೇಡ. ಹಾಗಾಗಿ 13ಕ್ಕೇ ಬಾ. ಮನಾಮದಿಂದ 30 ಕಿಲೋಮೀಟರ್, ನಮ್ಮ ರೂಮಿನ ಕಾರಿನಲ್ಲಿ ಒಂದು ಸೀಟು ಇದೆ. ಒಂದು ಜಾಕೆಟ್, ಒಂದು ಸಣ್ಣ ಪುಸ್ತಕ, ಪೆನ್ನು ತಗೊಂಡು ಬಾ. ಫೆಬ್ರವರಿ ಸಂಜೆ ಅಲ್ಲಿ ಗಾಳಿ ಚಳಿ ಇರುತ್ತದೆ, ಸುತ್ತು ಎಣಿಸಿ ಬರೆಯಲು ನನಗೆ ಡ್ಯೂಟಿಯಲ್ಲಿ ಕೈ ಬಿಡುವಿರುವುದಿಲ್ಲ.