ಕುಕೀ ಏನೂ ಮಾಡುವುದಿಲ್ಲ

ನಮಸ್ಕಾರ.

ನೀವು ಕಳಿಸಿದ ಕುಕೀ ಬಗೆಗಿನ ಲೇಖನ ‘ಬ್ರೌಸರಿನೊಳಗಿನ ಗೂಢಚಾರ’ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ತಪ್ಪಿಲ್ಲ. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ತಂದದ್ದು ಅಂತ ಬರೆದಿದ್ದೀರಿ, ಸರಿಯಾಗಿದೆ. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು.

“ಕುಕೀ ನಮ್ಮ ಕಂಪ್ಯೂಟರಿಗೆ ನುಸುಳಿ, ನಾವು ಮಾಡುವುದನ್ನೆಲ್ಲ ಗಮನಿಸಿ, ಮಾಲೀಕರಿಗೆ ವರದಿ ಒಪ್ಪಿಸುತ್ತದೆ.”

ಒಂದೇ ವಾಕ್ಯದಲ್ಲಿ ಮೂರು ಕ್ರಿಯಾಪದ. ಮೂರಕ್ಕೂ ಕರ್ತೃ ತಪ್ಪು. ಕುಕೀ ಅಂದರೆ ಒಂದು ಸಾಲು ಬರಹ: ಒಂದು ಹೆಸರು, ಒಂದು ಈಕ್ವಲ್ ಟು ಗುರುತು, ಅದರ ಮುಂದೆ ಒಂದಿಷ್ಟು ಅಕ್ಷರ. ಸರ್ವರ್, ಅಂದರೆ ಸೈಟನ್ನು ನಡೆಸುವ ಕಂಪ್ಯೂಟರ್, ಪುಟದ ಜೊತೆ ‘ಸೆಟ್-ಕುಕೀ’ ಅಂತ ಆ ಸಾಲನ್ನು ಕಳಿಸುತ್ತದೆ. ಬ್ರೌಸರ್ ತೆಗೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಸೈಟಿಗೆ ಹೋದಾಗ ಅದನ್ನೇ ವಾಪಸ್ ಕೊಡುತ್ತದೆ. ಇಲ್ಲದಿದ್ದರೆ ಸರ್ವರಿಗೆ ಪ್ರತಿ ಸಲವೂ ನಾವು ಹೊಸಬರೇ. ಕೊಡುವುದು ಸರ್ವರ್, ಹೊರುವುದು ಬ್ರೌಸರ್. ಕುಕೀ ಸುಮ್ನೆ ಇರುತ್ತದೆ.

ಹಾಗಾದರೆ ಗಮನಿಸುವವರು ಯಾರೂ ಇಲ್ಲವೇ? ಇದ್ದಾರೆ. ಅವರನ್ನೇ ನೀವು ಬಿಟ್ಟುಬಿಟ್ಟಿದ್ದೀರಿ. ಸುದ್ದಿ ಸೈಟಿನಲ್ಲೂ ಸೀರೆ ಅಂಗಡಿಯ ಸೈಟಿನಲ್ಲೂ ಒಂದೇ ಜಾಹೀರಾತು ಕಂಪನಿಯ ಕೋಡ್ ತುಣುಕು ಇದ್ದು, ಬ್ರೌಸರ್ ತಡೆಯದಿದ್ದರೆ, ಎರಡೂ ಕಡೆಯಿಂದ ಆ ಕಂಪನಿಗೆ ಅದರ ಕುಕೀಯಲ್ಲಿರುವ ಒಂದೇ ನಂಬರ್ ಹೋಗುತ್ತದೆ. ಎರಡನ್ನೂ ಜೋಡಿಸಿ ನೋಡುವುದು ಕಂಪನಿ. (ಆಪಲ್ ಕಂಪನಿಯ ಬ್ರೌಸರ್ ಸಫಾರಿ 2020ರಿಂದ ಇಂಥವನ್ನು ತಾನಾಗಿಯೇ ತಡೆಯುತ್ತಿದೆ.) ನಿಮ್ಮ ‘ಗಮನಿಸಿ’ಗೆ ಕರ್ತೃವಾಗಿ ಆ ಕಂಪನಿಯನ್ನು ಕೂರಿಸಿ.

ಮುಂದಿನ ಸಾಲು: “ಅದರೊಳಗೆ ನಮ್ಮ ಪಾಸ್‌ವರ್ಡ್, ಬ್ಯಾಂಕ್ ವಿವರ ಎಲ್ಲ ತುಂಬಿರುತ್ತವೆ.” ನೀವು ಒಂದಾದರೂ ಕುಕೀ ತೆರೆದು ನೋಡಿದ್ದೀರಾ? ಇಲ್ಲ, ಅಲ್ವಾ? ಕ್ರೋಮ್‌ನಲ್ಲಿ ಎಫ್12 ಒತ್ತಿ, ‘ಅಪ್ಲಿಕೇಶನ್’ಗೆ ಹೋದರೆ ಎಡಗಡೆ ‘ಕುಕೀಸ್’ ಕಾಣುತ್ತದೆ. ನಾನು ಈಗಷ್ಟೇ ನೋಡಿದೆ. ಒಂದರಲ್ಲಿ ‘ಕೆ ಎನ್’ ಅಂತ ಎರಡೇ ಇಂಗ್ಲಿಷ್ ಅಕ್ಷರ. ನಾನು ಕನ್ನಡ ಆರಿಸಿದ್ದೇನೆ ಅಂತ. ಇನ್ನೊಂದರಲ್ಲಿ ತಲೆಬುಡ ಇಲ್ಲದ ಅಕ್ಷರ-ಅಂಕಿಗಳ ಉದ್ದನೆ ಸಾಲು, ಪಕ್ಕದಲ್ಲಿ ಅವಧಿ ಮುಗಿಯುವ ತಾರೀಕು. ಆ ಸಾಲೇ ನನ್ನ ಲಾಗಿನ್. ಸರಿಯಾಗಿ ಕಟ್ಟಿದ ಸೈಟು ಅಲ್ಲಿ ಪಾಸ್‌ವರ್ಡ್ ಇಡುವುದಿಲ್ಲ. ಒಂದು ಕುಕೀಗೆ ಸಿಗುವ ಜಾಗವೇ ಸುಮಾರು 4096 ಬೈಟ್. ನಿಮ್ಮ ಆರು ಪುಟದ ಲೇಖನ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಆ ಲಾಗಿನ್ ಸಾಲು ಬೇರೆಯವರ ಕೈಗೆ ಸಿಕ್ಕರೆ, ಪಾಸ್‌ವರ್ಡ್ ಗೊತ್ತಿಲ್ಲದೆಯೂ ನನ್ನ ಹೆಸರಲ್ಲಿ ಒಳಗೆ ಹೋಗಬಹುದು. ಓದುಗರನ್ನು ಹೆದರಿಸಲೇಬೇಕಿದ್ದರೆ ಇದನ್ನು ಹೇಳಿ.

ನಾನೂ ಹೀಗೇ ಇದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆ ಮಂಡಿ ಬಗ್ಗೆ ಕೂತಲ್ಲೇ ಒಂದು ಲೇಖನ ಹೊಸೆದಿದ್ದೆ. ನಮ್ಮ ಸಂಪಾದಕರು ಪೂರ್ತಿ ಓದಲೂ ಇಲ್ಲ. “ಚೀಲದ ಮೇಲೆ ಚೀಟಿ ಇರುತ್ತಲ್ಲ, ಅದರಲ್ಲಿ ಏನು ಬರೆದಿರ್ತಾರಯ್ಯ?” ಅಂದರು. “ರೈತರ ಹೆಸರು, ಊರು, ಬಾಕಿ...” ಅಂತ ತಡಬಡಾಯಿಸಿದೆ. ಮರುದಿನ ಬೆಳಗಿನ ಬಸ್ಸಿಗೇ ಸಾಗರಕ್ಕೆ ಅಟ್ಟಿದರು. ನಾನು ನೋಡಿದ ಚೀಟಿಯಲ್ಲಿ ಇದ್ದದ್ದು ಬರೀ ಒಂದು ನಂಬರು. ಹೆಸರು, ತೂಕ, ಸಾಲ ಎಲ್ಲ ಗುಮಾಸ್ತರ ಪುಸ್ತಕದಲ್ಲಿ. ನಂಬರ್ ಹೇಳಿದ ಮೇಲೆ ಅವರು ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸ್ ಚಾರ್ಜು ನನ್ನ ಜೇಬಿನಿಂದಲೇ ಹೋಯಿತು, ಅದು ಬೇರೆ ಮಾತು.

ಅದಕ್ಕೇ ನಿಮ್ಮ ಕೊನೆಯ ಸಾಲು, “ಕುಕೀ ಅಳಿಸಿದರೆ ನಮ್ಮ ಮಾಹಿತಿಯೂ ಅಳಿಸಿಹೋಗುತ್ತದೆ” ಅನ್ನುವುದು, ನನ್ನ ಕಣ್ಣಿಗೆ ಚುಚ್ಚಿತು. ಚೀಟಿ ಹರಿದರೆ ಗುಮಾಸ್ತರ ಪುಸ್ತಕವೂ ಹರಿಯುತ್ತದೆಯೇ? ಲಾಗಿನ್ ಹೋಗುತ್ತದೆ ಅಷ್ಟೆ. ಅವರ ಸರ್ವರಿನಲ್ಲಿರುವುದು ಅಲ್ಲೇ ಇರುತ್ತದೆ.

ಮೊದಲೆರಡು ಪ್ಯಾರಾದ ಬಿಸ್ಕತ್ತಿನ ಕಥೆ ತೆಗೆಯಿರಿ. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸುವವರ ‘ಮ್ಯಾಜಿಕ್ ಕುಕೀ’ ಅನ್ನುವ ಪದದಿಂದ ಈ ಹೆಸರು ಬಂತು ಅಂದರೆ ಸಾಕು. ನಿಮ್ಮದೇ ಬ್ರೌಸರಿನ ಮೂರು ಕುಕೀ ತೆರೆದು ನೋಡಿ, ಮತ್ತೆ ಬರೆದು ಕಳಿಸಿ. ಲಾಗಿನ್ ಕುಕೀಯ ಫೋಟೊ ಮಾತ್ರ ಲೇಖನಕ್ಕೆ ಹಾಕಬೇಡಿ.